ಪೈಪ್ ಇಲ್ಲದೆ ಕಾರು ತೊಳೆಯುವುದು: ಗೀರು ಎಲ್ಲಿಂದ ಬರುತ್ತದೆ, ತಪ್ಪಿಸುವುದು ಹೇಗೆ

ಒಂದು ಬಕೆಟ್ ನೀರಲ್ಲೋ ಒಂದು ಸ್ಪ್ರೇ ಬಾಟಲಿಯಲ್ಲೋ ಇಡೀ ಕಾರು ತೊಳೆಯಬಹುದು ಎಂದರೆ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಪೇಂಟ್ ಮೇಲೆ ಗೀರು ಬೀಳಲ್ವಾ? ಬೀಳಬಹುದು. ಪೈಪ್ ಹಿಡಿದು, ನೊರೆ ಎಬ್ಬಿಸಿ, ನೂರಾರು ಲೀಟರ್ ನೀರು ಸುರಿದು ತೊಳೆದರೂ ಬೀಳಬಹುದು. ಕೊಳೆಯ ಕಣವನ್ನು ಪೇಂಟ್ ಮೇಲೆ ಒತ್ತಿ ಎಳೆದಾಗ ಗೀರು ಬೀಳುತ್ತದೆ, ಪಕ್ಕದಲ್ಲಿ ಎಷ್ಟು ನೀರು ಇತ್ತು ಅನ್ನುವುದು ಆಮೇಲಿನ ಮಾತು. ಇಷ್ಟು ತಿಳಿದುಕೊಂಡರೆ ಇದಕ್ಕೆಂದೇ ಸಿಗುವ ಲಿಕ್ವಿಡ್ಡುಗಳಲ್ಲಿ ಯಾವುದು ತಗೋಬೇಕು, ಎಷ್ಟು ಬಟ್ಟೆ ಬೇಕು, ಯಾವ ದಿನ ಈ ಕೆಲಸಕ್ಕೆ ಕೈ ಹಾಕಲೇಬಾರದು ಅನ್ನುವುದೆಲ್ಲ ತಾನಾಗೇ ಗೊತ್ತಾಗುತ್ತದೆ.

ಪೈಪ್ ಬಿಡಲು ಕಾರಣಗಳು ಬೇಕಾದಷ್ಟಿವೆ. ಫ್ಲಾಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರಿಗೆ ನಲ್ಲಿಯೇ ಸಿಗುವುದಿಲ್ಲ. ನೀರಿನ ಬರ ಬಂದಾಗ ಪೈಪಿನಲ್ಲಿ ಕಾರು ತೊಳೆಯಬಾರದು ಎಂಬ ನಿಯಮ ಬರುತ್ತದೆ. ಸಾಧಾರಣ ಪೈಪಿನಲ್ಲಿ ನಿಮಿಷಕ್ಕೆ 10ರಿಂದ 20 ಲೀಟರ್ ನೀರು ಹೋಗುತ್ತದೆ. ಹತ್ತು ನಿಮಿಷ ಬಿಟ್ಟರೆ 100ರಿಂದ 200 ಲೀಟರ್ ಖಾಲಿ. ಅದೇ ಕಾರನ್ನು ಬಕೆಟ್ ವಿಧಾನದಲ್ಲಿ 5ರಿಂದ 8 ಲೀಟರಿನಲ್ಲಿ ಮುಗಿಸಬಹುದು. ಬರೀ ಸ್ಪ್ರೇ ವಿಧಾನವಾದರೆ ಒಂದು ಲೀಟರೂ ಬೇಕಾಗಲಿಕ್ಕಿಲ್ಲ.

ಪೇಂಟ್ ಎಷ್ಟು ದಪ್ಪ?

ಕಾರಿನ ಬಣ್ಣದ ಮೇಲೆ ಪಾರದರ್ಶಕವಾದ ಇನ್ನೊಂದು ಪದರ ಇರುತ್ತದೆ. ಅದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪು ಕೊಡುವುದೂ ಅದೇ, ಕೆಳಗಿನ ಬಣ್ಣವನ್ನು ಬಿಸಿಲಿನಿಂದ ಕಾಪಾಡುವುದೂ ಅದೇ. ಕಾರ್ಖಾನೆಯಿಂದ ಬರುವ ಕಾರುಗಳಲ್ಲಿ ಇದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ತಲೆಗೂದಲು ಸರಾಸರಿ 70 ಮೈಕ್ರಾನ್ ಇರುತ್ತದೆ. ಅಂದರೆ ನಾವು ತಿಕ್ಕುತ್ತಿರುವುದು ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪದರವನ್ನು.

ಅದರ ಮೇಲೆ ಕೂತಿರುವ ಧೂಳಿನಲ್ಲಿ ಏನಿದೆ? ಮಣ್ಣು, ಟೈರಿನ ಪುಡಿ, ಮಸಿ, ಹೂವಿನ ಪರಾಗ, ಬ್ರೇಕಿನಿಂದ ಉದುರಿದ ಕಬ್ಬಿಣದ ಚೂರು. ಜೊತೆಗೆ ಸಣ್ಣ ಮರಳು. ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಜ್, ಅಂದರೆ ಬೆಣಚುಕಲ್ಲಿನ ಪುಡಿ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್‌ಗೆ 7 ಅಂಕ. ಕಿಟಕಿ ಗಾಜಿಗೆ ಸುಮಾರು 5.5. ಗಾಜನ್ನೇ ಗೀಚಬಲ್ಲ ಕಣಕ್ಕೆ ಪ್ಲಾಸ್ಟಿಕ್ ಪದರ ಯಾವ ಲೆಕ್ಕ? ಧೂಳು ಹಿಡಿದ ಕಾರನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ ಅನ್ನುವುದು ಇದಕ್ಕೇ. ದಿನಾ ಬೆಳಗ್ಗೆ ಪೊರಕೆಯಂಥ ಬ್ರಷ್ಷಿನಲ್ಲಿ ಧೂಳು ಕೊಡವುವವರು ಕಾರಿಗೆ ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಒಂದು ವರ್ಷ ಕಳೆದ ಮೇಲೆ ಬಾನೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಬಿಸಿಲಲ್ಲಿ ಅಥವಾ ಟಾರ್ಚ್ ಬೆಳಕಲ್ಲಿ ಜೇಡರ ಬಲೆಯ ಹಾಗೆ ಕಾಣುವ ಆ ಸುತ್ತು ಗೆರೆಗಳಿಗೆ ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಗುಂಡಗೆ ತಿಕ್ಕಿದ್ದರಿಂದ ಗುಂಡಗೆ ಬಂದಿದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ಪೂರ್ತಿ ನಿಜವಲ್ಲ. ಪೇಂಟ್ ಮೇಲೆ ಗೀರುಗಳು ಎಲ್ಲಾ ದಿಕ್ಕಿಗೂ ಇರುತ್ತವೆ. ಬೆಳಕಿನ ಬಿಂಬದ ಸುತ್ತ ಸರಿಯಾದ ಕೋನದಲ್ಲಿರುವವು ಮಾತ್ರ ನಮ್ಮ ಕಣ್ಣಿಗೆ ಮಿನುಗುತ್ತವೆ. ಹಾಗಾಗಿ ಬೆಳಕಿನ ಸುತ್ತ ಬಳೆ ಬಳೆಯಾಗಿ ಕಾಣುತ್ತದೆ. ಟಾರ್ಚನ್ನು ಪಕ್ಕಕ್ಕೆ ಸರಿಸಿ, ಬಳೆಗಳೂ ಜೊತೆಗೇ ಸರಿಯುತ್ತವೆ. ಆದರೂ ನೇರ ಗೆರೆಯಲ್ಲಿ ಒರೆಸಿ ಎಂದು ಹೇಳುವುದರಲ್ಲಿ ಅರ್ಥವಿದೆ. ಒಂದೇ ದಿಕ್ಕಿನ ಗೀರು ಕೆಲವು ಕೋನಗಳಲ್ಲಿ ಮಾತ್ರ ಕಾಣುತ್ತದೆ, ಗುಂಡಗಿನದು ಎಲ್ಲಿಂದ ನೋಡಿದರೂ ಕಣ್ಣಿಗೆ ಚುಚ್ಚುತ್ತದೆ.

ಪಾಲಿಶ್ ಮಾಡಿಸಿದರೆ ಹೋಗಲ್ವಾ ಎಂದು ಕೇಳಬಹುದು. ಹೋಗುತ್ತದೆ, ಆದರೆ ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನೇ ಸ್ವಲ್ಪ ಸವೆಸುವುದು. ಇರುವುದೇ 40-50 ಮೈಕ್ರಾನ್. ವರ್ಷಾ ವರ್ಷಾ ಸವೆಸುತ್ತಾ ಹೋದರೆ ಒಂದು ದಿನ ಸವೆಸಲು ಏನೂ ಉಳಿದಿರುವುದಿಲ್ಲ.

ಪೈಪ್ ಮಾಡುತ್ತಿದ್ದ ಕೆಲಸ ಯಾವುದು?

ಪೈಪ್ ನೀರು ಎರಡು ಕಡೆ ಉಪಯೋಗಕ್ಕೆ ಬರುತ್ತದೆ. ಮೊದಲು, ಕಾರನ್ನು ಮುಟ್ಟುವ ಮುಂಚೆಯೇ ಸಡಿಲ ಮರಳು, ಮಣ್ಣನ್ನು ಕೆಳಗೆ ಇಳಿಸುತ್ತದೆ. ಕೊನೆಗೆ, ಶಾಂಪೂ ಮತ್ತು ಅದು ಎಬ್ಬಿಸಿದ ಕೊಳೆಯನ್ನು ತೊಳೆದು ಕಳಿಸುತ್ತದೆ. ನಡುವಿನ ಕೆಲಸ ಯಾವತ್ತೂ ಕೈಯದೇ. ರಸ್ತೆಯಲ್ಲಿ ಓಡಾಡಿದ ಕಾರಿನ ಮೇಲೆ ಎಣ್ಣೆ ಜಿಡ್ಡು, ಮಸಿ ಸೇರಿ ಒಂದು ತೆಳು ಪೊರೆ ಕಟ್ಟಿರುತ್ತದೆ. ಅದು ಬರೀ ನೀರು ಬಿಟ್ಟರೆ ಹೋಗುವುದಿಲ್ಲ, ಮುಟ್ಟಲೇಬೇಕು. ನೀರು ಹಾಯಿಸಿ ಒಣಗಿದ ಕಪ್ಪು ಕಾರಿನ ಮೇಲೆ ಬೆರಳಾಡಿಸಿದರೆ ಗೆರೆ ಬೀಳುತ್ತದಲ್ಲ, ಅದು ಈ ಪೊರೆ.

ಹಾಗಾಗಿ ಪೈಪ್ ಬಿಡುತ್ತೇವೆ ಎಂದರೆ ಆ ಎರಡು ಕೆಲಸಗಳಿಗೆ ಬೇರೆ ದಾರಿ ನೋಡಿಕೊಳ್ಳಬೇಕು. ಕೊನೆಯ ಜಾಲಿಸುವ ಕೆಲಸಕ್ಕೆ ಲಿಕ್ವಿಡ್ಡಿನಲ್ಲೇ ಉತ್ತರವಿದೆ. ಮೊದಲಿನ ಕೆಲಸಕ್ಕೆ ಅರ್ಧ ಉತ್ತರ ಮಾತ್ರ ಇದೆ. ಉಳಿದರ್ಧ ನಿಮ್ಮ ಕೈಯಲ್ಲಿ, ನಿಮ್ಮ ಬಟ್ಟೆಯಲ್ಲಿ.

ಲಿಕ್ವಿಡ್ ಒಳಗೆ ಏನು ನಡೆಯುತ್ತದೆ

ಎಲ್ಲಾ ಸೋಪುಗಳ ಹಾಗೆ ಇದರಲ್ಲೂ ಸರ್ಫ್ಯಾಕ್ಟಂಟ್ ಎಂಬ ಅಣುಗಳಿರುತ್ತವೆ. ಇವುಗಳ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಜಿಡ್ಡು ಇಷ್ಟ. ಜಿಡ್ಡಿನ ತುದಿ ಕೊಳೆಗೆ ಅಂಟಿಕೊಳ್ಳುತ್ತದೆ, ನೀರಿನ ತುದಿ ಅದನ್ನು ಪೇಂಟಿನಿಂದ ಎಬ್ಬಿಸಿ ನೀರಿನೊಳಗೆ ತೇಲಿಸುತ್ತದೆ. ಇಲ್ಲಿಯವರೆಗೆ ಮಾಮೂಲಿ ಶಾಂಪೂ ಕಥೆ. ರಿನ್ಸ್‌ಲೆಸ್, ಅಂದರೆ ಬಕೆಟ್ ನೀರಿಗೆ ಬೆರೆಸಿ ಒರೆಸಿದ ಮೇಲೆ ಜಾಲಿಸಬೇಕಿಲ್ಲದ ಲಿಕ್ವಿಡ್ಡಿನಲ್ಲಿ ಇದರ ಜೊತೆ ಪಾಲಿಮರ್‌ಗಳೂ ಇರುತ್ತವೆ, ಅಂದರೆ ಉದ್ದನೆಯ ಸರಪಳಿ ಅಣುಗಳು. ಇವು ಎಬ್ಬಿಸಿದ ಕಣವನ್ನು ಸುತ್ತಿಕೊಂಡು ಮತ್ತೆ ಪೇಂಟಿಗೆ ಹೋಗಿ ಕೂರದಂತೆ ತಡೆಯುತ್ತವೆ. ಜೊತೆಗೆ ಬಟ್ಟೆಗೂ ಪೇಂಟಿಗೂ ನಡುವೆ ಜಾರುವ ಪದರ ಒಂದನ್ನು ಉಳಿಸುತ್ತವೆ. ಈ ಜಾರುವ ಗುಣ ಬಹಳ ಮುಖ್ಯ. ಬಟ್ಟೆ ಎಲ್ಲಾದರೂ ತಡೆದು ನಿಂತಂತೆ ಅನಿಸಿದರೆ ಅಲ್ಲಿ ಜಾರಿಕೆ ಮುಗಿದಿದೆ ಎಂದೇ ಅರ್ಥ. ಕೂಡಲೇ ಕೈ ಎತ್ತಿ ಇನ್ನಷ್ಟು ಲಿಕ್ವಿಡ್ ಹಾಕಬೇಕು.

ಬಾಟಲಿಗಳ ಮೇಲೆ ಮಾತ್ರ ಸ್ವಲ್ಪ ಜಾಸ್ತಿಯೇ ಬರೆದಿರುತ್ತಾರೆ. ಕೊಳೆಯ ಪ್ರತಿ ಕಣವನ್ನೂ ಸುತ್ತುಗಟ್ಟಿ ನಿರಪಾಯ ಮಾಡುತ್ತದೆ ಎನ್ನುವ ಧಾಟಿ. ಮಸಿ, ನುಣ್ಣನೆಯ ಧೂಳಿನ ಮಟ್ಟಿಗೆ ಅದು ಸರಿಯೇ. ಕಣ್ಣಿಗೆ ಕಾಣುವಷ್ಟು ದೊಡ್ಡ ಮರಳಿನ ಹರಳನ್ನು ಯಾವ ಪಾಲಿಮರ್ ಸುತ್ತಿಕೊಂಡರೂ, ಮೇಲಿಂದ ಬೆರಳು ಒತ್ತಿದರೆ ಅದು ಪೇಂಟಿಗೆ ನಾಟುತ್ತದೆ.

ಇನ್ನು, ತೊಳೆಯದೆ ಬಿಟ್ಟರೆ ಸೋಪು ಪೇಂಟ್ ಮೇಲೆ ಉಳಿಯಲ್ವಾ? ಇದಕ್ಕೆ ಲೆಕ್ಕದಲ್ಲೇ ಉತ್ತರವಿದೆ. ಈ ಜಾತಿಯಲ್ಲಿ ಬಹಳ ಹೆಸರಾದ ಆಪ್ಟಿಮಮ್ ನೋ ರಿನ್ಸ್ ಅನ್ನು ತೊಳೆಯಲು ಬೆರೆಸುವ ಪ್ರಮಾಣ 1ಕ್ಕೆ 256. ಎಂಟು ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಸಾಕು. ಈ ನೀರಲ್ಲಿ ಒಂದು ಬಾಗಿಲು ಒರೆಸಿದ ಮೇಲೆ ಅಲ್ಲಿ 20 ಮಿ.ಲೀ. ಉಳಿಯಿತು ಅಂದುಕೊಳ್ಳಿ. ಅದರಲ್ಲಿ ಬಾಟಲಿಯ ಲಿಕ್ವಿಡ್ 0.1 ಮಿ.ಲೀ.ಗಿಂತಲೂ ಕಡಿಮೆ. ಅದರಲ್ಲೂ ಹೆಚ್ಚಿನ ಪಾಲನ್ನು ಒಣ ಬಟ್ಟೆ ಹೀರಿಕೊಳ್ಳುತ್ತದೆ. ಕೊನೆಗೆ ಉಳಿಯುವುದು ಕಾಣದಷ್ಟು ತೆಳು, ಅದು ಹೊಳಪಿಗೆ ಒಳ್ಳೆಯದೇ.

ಮಾಮೂಲಿ ಕಾರ್ ಶಾಂಪೂವನ್ನು ಹೀಗೆ ಬಳಸಲು ಹೋಗಬೇಡಿ. ಅದನ್ನು ನೀರಲ್ಲಿ ಜಾಲಿಸಿ ತೆಗೆಯುತ್ತಾರೆ ಎಂದುಕೊಂಡೇ ಮಾಡಿರುತ್ತಾರೆ. ನೊರೆ ಒಣಗಿ ಗೆರೆ ಗೆರೆಯಾಗಿ ಕೂರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡಂತೂ ಮೇಲಿನ ವ್ಯಾಕ್ಸನ್ನೂ ಎತ್ತಿಕೊಂಡು ಹೋಗುತ್ತದೆ. ರಿನ್ಸ್‌ಲೆಸ್ ಬೆರೆಸಿದ ಬಕೆಟ್‌ನಲ್ಲಿ ನೊರೆಯೇ ಬರಲಿಲ್ಲ ಎಂದು ಗಾಬರಿಯಾಗಿ ಇನ್ನೊಂದು ಮುಚ್ಚಳ ಸುರಿಯುವವರಿದ್ದಾರೆ. ಇದರಲ್ಲಿ ನೊರೆ ಕಡಿಮೆ ಇರಬೇಕಾದ್ದೇ. ಜಾಸ್ತಿ ಹಾಕಿದರೆ ಸಿಗುವುದು ಜಿಡ್ಡು ಗೆರೆಗಳು ಮಾತ್ರ.

ವಾಟರ್‌ಲೆಸ್ಸಾ, ರಿನ್ಸ್‌ಲೆಸ್ಸಾ?

ಅಂಗಡಿಯಲ್ಲಿ ಎರಡೂ ಪಕ್ಕ ಪಕ್ಕದಲ್ಲೇ ಇರುತ್ತವೆ, ಆದರೆ ಕೆಲಸ ಬೇರೆ. ವಾಟರ್‌ಲೆಸ್ ಸಾಮಾನ್ಯವಾಗಿ ಬೆರೆಸಿಯೇ ಬರುವ ಸ್ಪ್ರೇ. ನೇರ ಪೇಂಟ್ ಮೇಲೆ ಸ್ಪ್ರೇ ಮಾಡಿ, ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಹೊಳಪಿಸುವುದು. ಇದು ಗಟ್ಟಿ ಇರುತ್ತದೆ, ವ್ಯಾಕ್ಸ್ ಅಥವಾ ಸಿಲಿಕೋನ್ ತರಹದ್ದು ಏನಾದರೂ ಸೇರಿರುತ್ತದೆ. ಒರೆಸಿದ ತಕ್ಷಣ ಕಾರು ಮಿಂಚುವುದು ಅದರಿಂದ. ರಿನ್ಸ್‌ಲೆಸ್ ಎಂದರೆ ಬಕೆಟ್ ನೀರಿಗೆ ಬೆರೆಸಿ, ಬಟ್ಟೆಯನ್ನೋ ಸ್ಪಂಜನ್ನೋ ಅದರಲ್ಲಿ ನೆನೆಸಿ ಒರೆಸುವುದು.

ಎರಡರಲ್ಲಿ ಒಂದನ್ನೇ ಕೊಳ್ಳಿ ಎಂದರೆ ನಾನು ರಿನ್ಸ್‌ಲೆಸ್ ಎನ್ನುತ್ತೇನೆ. ಕಾರಣ ಸರಳ. ನೆನೆದ ಬಟ್ಟೆಯಲ್ಲಿ ನೀರು ತುಂಬಾ ಇರುತ್ತದೆ, ಕೊಳೆಗೆ ಪೇಂಟ್ ಬಿಟ್ಟು ಎದ್ದು ಬರಲು ಜಾಗ ಸಿಗುತ್ತದೆ. ಸ್ಪ್ರೇ ಹೊಡೆದ ಪೇಂಟ್ ಮೇಲೆ ಇರುವುದು ಕೆಲವೇ ಹನಿ, ಅಷ್ಟರಲ್ಲೇ ಎಲ್ಲಾ ಕೊಳೆ ತೇಲಬೇಕು. ಇನ್ನೊಂದು ಅನುಕೂಲವೂ ಇದೆ. ಒಂದೇ ರಿನ್ಸ್‌ಲೆಸ್ ಬಾಟಲಿಯನ್ನು ಗಟ್ಟಿಯಾಗಿ ಬೆರೆಸಿದರೆ ಸ್ಪ್ರೇ ಕೆಲಸಕ್ಕೂ ಬರುತ್ತದೆ. ಆಪ್ಟಿಮಮ್‌ನದನ್ನೇ 1ಕ್ಕೆ 16ರಂತೆ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳುವವರು ಬಹಳ. ವಾಟರ್‌ಲೆಸ್ ಕೆಟ್ಟದ್ದೇನಲ್ಲ. ಒಳಗೆ ನಿಲ್ಲಿಸಿದ ಕಾರಿನ ಮೇಲೆ ಎರಡು ದಿನದ ತೆಳು ಧೂಳು ಕೂತಿದ್ದರೆ, ಹಕ್ಕಿ ಹಿಕ್ಕೆ ಒಂದು ಬಿದ್ದಿದ್ದರೆ, ಬಕೆಟ್ ತುಂಬಿಸುವ ಸೋಮಾರಿತನಕ್ಕೆ ಅದು ಒಳ್ಳೆಯ ಮದ್ದು.

ಬಾಟಲಿ ತೆರೆಯುವ ಮುಂಚೆ ಕಾರಿನ ಸುತ್ತ ಒಂದು ಸುತ್ತು

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು. ಕಾರನ್ನು ಸುಮ್ನೆ ನೋಡಿ. ಬಣ್ಣ ಚೆನ್ನಾಗಿ ಕಾಣುತ್ತಿದೆ, ಮೇಲೊಂದು ಮಬ್ಬು ಅಷ್ಟೇ ಎಂದರೆ ವಾಟರ್‌ಲೆಸ್ ಸಾಕು. ಧೂಳು ದಪ್ಪಗಿದೆ, ಮಳೆ ಹನಿ ಬಿದ್ದು ಒಣಗಿದ ಚುಕ್ಕೆಗಳಿವೆ, ಬಾಗಿಲಿನ ಕೆಳಭಾಗ ಕಪ್ಪಾಗಿದೆ ಎಂದರೆ ರಿನ್ಸ್‌ಲೆಸ್, ಅದೂ ಮೊದಲೇ ನೆನೆಸಿ. ಕೆಸರು ಗಡ್ಡೆ ಕಟ್ಟಿದೆ, ಮರಳು ಕೈಗೆ ಸಿಗುವಷ್ಟಿದೆ, ಹಿಮ ಬೀಳುವ ಕಡೆ ರಸ್ತೆಗೆ ಹಾಕುವ ಉಪ್ಪು ಬಿಳಿ ಪದರವಾಗಿ ಕೂತಿದೆ ಎಂದರೆ ಎರಡೂ ಬೇಡ. ನೀರಿನ ಒತ್ತಡ ಸಿಗುವ ಕಡೆ ಕಾರು ತೆಗೆದುಕೊಂಡು ಹೋಗಿ, ಮುಟ್ಟದೆ ಬರೀ ನೀರು ಹೊಡೆಸಿ ಕೆಸರು ಇಳಿಸಿ. ಆಮೇಲೆ ಬೇಕಾದರೆ ಮನೆಗೆ ಬಂದು ರಿನ್ಸ್‌ಲೆಸ್‌ನಲ್ಲಿ ಮುಗಿಸಿ. ಹೀಗೆ ಎರಡನ್ನೂ ಕೂಡಿಸುವುದರಲ್ಲಿ ಸೋಲೇನಿಲ್ಲ. ಪೈಪ್ ಮುಟ್ಟಲೇಬಾರದು ಎಂಬ ಹಟಕ್ಕೆ ಪೇಂಟ್ ಬೆಲೆ ತೆರುವುದು ಯಾಕೆ?

ಇದರಿಂದ ಇನ್ನೊಂದು ಮಾತೂ ಬರುತ್ತದೆ. ಪೈಪ್ ಇಲ್ಲದ ವಿಧಾನ ಪದೇ ಪದೇ ತೊಳೆಯುವವರಿಗೆ ಚೆನ್ನಾಗಿ ಒಗ್ಗುತ್ತದೆ. ವಾರಕ್ಕೊಮ್ಮೆ ತೊಳೆಯುವ ಕಾರಿನಲ್ಲಿ ಕೊಳೆ ಕಡಿಮೆ, ಅಪಾಯವೂ ಕಡಿಮೆ. ಮೂರು ತಿಂಗಳು ಬಿಟ್ಟ ಕಾರನ್ನು ಒಂದು ಬಕೆಟ್‌ನಲ್ಲಿ ಮುಗಿಸಲು ಹೋಗುವುದು ಬೇರೆಯದೇ ಕೆಲಸ.

ಬಟ್ಟೆಗೆ ಖರ್ಚು ಮಾಡಿ

ಯಾವ ಲಿಕ್ವಿಡ್ ಒಳ್ಳೆಯದು ಎಂದು ಗಂಟೆಗಟ್ಟಲೆ ಹುಡುಕುವವರು ಬಟ್ಟೆಯ ವಿಷಯ ಬಂದಾಗ ಹಳೆ ಬನಿಯನ್ ತರುತ್ತಾರೆ. ನನ್ನ ಪ್ರಕಾರ ಲೆಕ್ಕ ಉಲ್ಟಾ ಇರಬೇಕು. ಸಾಧಾರಣ ಲಿಕ್ವಿಡ್, ಒಳ್ಳೆಯ ಹತ್ತು ಬಟ್ಟೆ ಇದ್ದರೆ ಕಾರು ಉಳಿಯುತ್ತದೆ. ದುಬಾರಿ ಲಿಕ್ವಿಡ್, ಒಂದೇ ಬಟ್ಟೆ ಇದ್ದರೆ ಉಳಿಯುವುದಿಲ್ಲ.

ಬೇಕಾದದ್ದು ಮೈಕ್ರೋಫೈಬರ್. ಇದು ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಂಬ ಎರಡು ಬಗೆಯ ನೂಲುಗಳ ಬಟ್ಟೆ. ಸಾಮಾನ್ಯವಾಗಿ 80ಕ್ಕೆ 20 ಅಥವಾ 70ಕ್ಕೆ 30ರ ಪ್ರಮಾಣದಲ್ಲಿರುತ್ತದೆ. ತಯಾರಿಸುವಾಗ ಎಳೆಯನ್ನು ಇನ್ನೂ ಸಣ್ಣ ಎಳೆಗಳಾಗಿ ಸೀಳಿರುತ್ತಾರೆ. ಹಾಗೆ ಸೀಳಿದ ಎಳೆಗಳ ಸಂದಿಯಲ್ಲಿ ನೀರೂ ನಿಲ್ಲುತ್ತದೆ, ಧೂಳೂ ಒಳಗೆ ಸರಿದು ಕೂರುತ್ತದೆ. ನುಣ್ಣನೆಯ ಹತ್ತಿ ಬಟ್ಟೆಯಲ್ಲಿ ಮರಳಿನ ಕಣ ಮೇಲ್ಮೈಯಲ್ಲೇ ಉಳಿದು ಪೇಂಟ್ ಉಜ್ಜುತ್ತಾ ಹೋಗುತ್ತದೆ. ಮೈಕ್ರೋಫೈಬರ್‌ನ ಪೊದೆಯಂಥ ಎಳೆಗಳಲ್ಲಾದರೆ ಕಣ ಪೇಂಟಿನಿಂದ ದೂರ ಒಳಗೆ ಹೋಗುತ್ತದೆ. ಕೊಳ್ಳುವಾಗ ಜಿಎಸ್‌ಎಂ ಎಂಬ ಅಂಕಿ ನೋಡಿ. ಅದು ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂಗಳಲ್ಲಿ. ತೊಳೆಯಲು 300ರಿಂದ 400ರವರೆಗಿನದು ಸಾಕು. ಒಣಗಿಸಲು ಅದಕ್ಕಿಂತ ದಪ್ಪ, ದೊಡ್ಡ ಟವೆಲ್ ಒಂದೆರಡು ಇರಲಿ. ಅಂಚಿನಲ್ಲಿ ಹೊಲಿದಿರುವ ಗಡಸು ಲೇಬಲ್ ಕತ್ತರಿಸಿ ಬಿಸಾಡಿ, ಅದೂ ಗೀಚುತ್ತದೆ. ಹೊಸ ಬಟ್ಟೆಯನ್ನು ಒಮ್ಮೆ ಒಗೆದೇ ಬಳಸಿ.

ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ, ತಿರುಗಿಸಿ ಬಿಚ್ಚಿ ಮಡಚುತ್ತಾ ಒಟ್ಟು ಎಂಟು ಮುಖ ಸಿಗುತ್ತವೆ. ಒಂದು ಮುಖ ಕೊಳೆಯಾಯಿತೋ, ಮುಂದಿನ ಮುಖಕ್ಕೆ ಹೋಗಿ. ಎಂಟೂ ಮುಗಿದರೆ ಆ ಬಟ್ಟೆ ಬದಿಗೆ. ಅದನ್ನು ಬಕೆಟ್‌ಗೆ ಮತ್ತೆ ಅದ್ದಬೇಡಿ. ಈ ವಿಧಾನಕ್ಕೆ ಗ್ಯಾರಿ ಡೀನ್ ಎಂಬ ಕಾರ್ ಡೀಟೇಲಿಂಗ್ (ಕಾರನ್ನು ಕೂಲಂಕಷವಾಗಿ ಸ್ವಚ್ಛ ಮಾಡಿ ಹೊಳಪಿಸುವ ಕೆಲಸ) ತಜ್ಞನ ಹೆಸರಿದೆ. ಬಕೆಟ್ ನೀರಲ್ಲಿ ಎಂಟು-ಹತ್ತು ಬಟ್ಟೆ ಮೊದಲೇ ನೆನೆಹಾಕಿ, ಒಂದೊಂದಾಗಿ ತೆಗೆದು ಬಳಸಿ, ಕೊಳೆ ಬಟ್ಟೆಯನ್ನು ವಾಪಸ್ ಹಾಕದೆ ಬೇರೆ ಕಡೆ ಎಸೆಯುವುದು. ಕೊನೆಯವರೆಗೂ ಬಕೆಟ್ ನೀರು ತಿಳಿಯಾಗೇ ಇರುತ್ತದೆ. ಪೈಪ್ ವಿಧಾನದಲ್ಲಿ ಕೂಡ ಒಂದೇ ಸ್ಪಂಜನ್ನು ಅದೇ ಬಕೆಟ್‌ಗೆ ನೂರು ಸಲ ಅದ್ದುವವರಿಗಿಂತ ಇದು ಎಷ್ಟೋ ಮೇಲು. ಒಂದೇ ಸ್ಪಂಜ್ ಬಳಸಲೇಬೇಕು ಎಂದರೆ ತಳದಲ್ಲಿ ಜಾಲರಿ ಇರುವ ಬಕೆಟ್ ಇರಲಿ. ಜಾಲರಿಗೆ ಸ್ಪಂಜ್ ಉಜ್ಜಿದರೆ ಮರಳು ಕೆಳಗೆ ಇಳಿದು ಅಲ್ಲೇ ಉಳಿಯುತ್ತದೆ.

ಈಗ ತೊಳೆಯೋಣ

ಕಾರು ನೆರಳಲ್ಲಿರಲಿ. ಅಂಗೈ ಹಿಂಬದಿಯಿಂದ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಕಾಯಿರಿ. ಬಿಸಿ ತಗಡಿನ ಮೇಲೆ ಲಿಕ್ವಿಡ್ ನಿಮಿಷದಲ್ಲೇ ಆರಿ ಹೋಗುತ್ತದೆ. ಆರಿದರೆ ಜಾರಿಕೆ ಇಲ್ಲ, ಜೊತೆಗೆ ಕಲೆ ಬೇರೆ.

ಮೊದಲು ಬಕೆಟ್‌ಗೆ ನೀರು, ಅಳತೆಯ ಲಿಕ್ವಿಡ್, ಬಟ್ಟೆಗಳು. ಅದೇ ನೀರನ್ನು ಒಂದು ಪಂಪ್ ಸ್ಪ್ರೇಯರ್‌ಗೂ ತುಂಬಿಕೊಳ್ಳಿ. ಗಿಡಗಳಿಗೆ ಔಷಧಿ ಹೊಡೆಯುವ ಸಣ್ಣ ಕೈ ಪಂಪ್ ಇದ್ದರೆ ಸಾಕು. ಹೊಸದಾಗಿರಬೇಕು, ಔಷಧಿ ಹಾಕಿದ್ದಲ್ಲ. ಈ ಪಂಪ್ ಸ್ಪ್ರೇಯರ್ ಇಲ್ಲಿ ಪೈಪಿನ ಮೊದಲ ಕೆಲಸವನ್ನು ಅಷ್ಟಿಷ್ಟು ಮಾಡುತ್ತದೆ. ಒಂದು ಪ್ಯಾನೆಲ್, ಅಂದರೆ ಒಂದು ಬಾಗಿಲೋ ಅರ್ಧ ಬಾನೆಟ್ಟೋ, ಪೂರ್ತಿ ಒದ್ದೆಯಾಗಿ ಹನಿ ಇಳಿಯುವಷ್ಟು ಹೊಡೆಯಿರಿ. ಒಂದೆರಡು ನಿಮಿಷ ಬಿಡಿ. ಕೊಳೆ ಸಡಿಲವಾಗುತ್ತದೆ, ಒಂದಷ್ಟು ತಾನೇ ಕೆಳಗೆ ಹರಿಯುತ್ತದೆ. ಒಣಗಲು ಮಾತ್ರ ಬಿಡಬೇಡಿ.

ಈಗ ನೆನೆದ ಬಟ್ಟೆ ಒಂದನ್ನು ತೆಗೆಯಿರಿ. ಗಟ್ಟಿಯಾಗಿ ಹಿಂಡಬೇಡಿ, ನೀರು ಸೋರದಷ್ಟು ಲಘುವಾಗಿ ಹಿಂಡಿ. ಪ್ಯಾನೆಲ್ ಮೇಲೆ ಇಟ್ಟು ಎಳೆಯಿರಿ. ಎಳೆಯಿರಿ ಅಷ್ಟೇ, ಒತ್ತಬೇಡಿ. ಬಟ್ಟೆಯ ತೂಕವೇ ಸಾಕು. ಒಂದು ದಿಕ್ಕಿಗೆ ನೇರವಾಗಿ ಎಳೆದು ಕೊನೆಯಲ್ಲಿ ಎತ್ತಿ. ಹಿಂದೆ ಮುಂದೆ ತಿಕ್ಕಿದರೆ ಈಗಷ್ಟೇ ಹಿಡಿದ ಕೊಳೆಯನ್ನು ಮತ್ತೆ ಅದೇ ಜಾಗದ ಮೇಲೆ ಓಡಿಸಿದಂತೆ. ಒಂದು ಎಳೆತಕ್ಕೆ ಹೋಗದಿದ್ದರೆ ಬಲ ಹಾಕುವುದಲ್ಲ, ಮತ್ತೆ ನೆನೆಸುವುದು. ಎರಡು-ಮೂರು ಎಳೆತಕ್ಕೊಮ್ಮೆ ಮುಖ ಬದಲಿಸಿ.

ಪ್ಯಾನೆಲ್ ಮುಗಿದ ಕೂಡಲೇ ಒಣಗಿಸಿ, ಆಮೇಲೆ ಮುಂದಿನದು. ಇಡೀ ಕಾರು ಒರೆಸಿ ಕೊನೆಗೆ ಒಣಗಿಸೋಣ ಎಂದರೆ ಮೊದಲ ಪ್ಯಾನೆಲ್ ಅಷ್ಟರಲ್ಲಿ ತಾನೇ ಆರಿ ಗೆರೆ ಬಿದ್ದಿರುತ್ತದೆ. ಒಣ ಟವೆಲನ್ನು ಹರಡಿ ಮೆಲ್ಲಗೆ ಎಳೆದರೆ ಸಾಕು. ಟವೆಲ್ ಮೇಲೆ ಕೊಳೆ ಕಂಡರೆ ಆ ಪ್ಯಾನೆಲ್ ಇನ್ನೂ ಸ್ವಚ್ಛವಾಗಿಲ್ಲ, ವಾಪಸ್ ಹೋಗಿ.

ಮೇಲಿಂದ ಕೆಳಕ್ಕೆ ಬನ್ನಿ: ಮೊದಲು ಛಾವಣಿ, ಆಮೇಲೆ ಗಾಜು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲರ್ಧ. ಬಾಗಿಲುಗಳ ಕೆಳಭಾಗ, ಹಿಂದಿನ ಬಂಪರ್, ಟೈರ್ ಹಿಂದಿನ ಜಾಗ ಎಲ್ಲಕ್ಕಿಂತ ಕೊಳಕು. ಟೈರ್ ಎರಚಿದ ಮರಳೆಲ್ಲ ಅಲ್ಲೇ ಇರುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ, ಎರಡು ಸಲ ನೆನೆಸಿ, ಅದಕ್ಕೆ ಬೇರೆ ಬಟ್ಟೆ ಬಳಸಿ. ವೀಲ್‌ಗಳ ಮೇಲೆ ಬ್ರೇಕಿನ ಕಬ್ಬಿಣದ ಪುಡಿ ಅಂಟಿರುತ್ತದೆ. ವೀಲ್ ಒರೆಸಿದ ಬಟ್ಟೆ ಯಾವತ್ತೂ ಪೇಂಟಿಗೆ ಬರಬಾರದು. ಬೇರೆ ಬಣ್ಣದ ಬಟ್ಟೆ ಇಟ್ಟುಕೊಂಡರೆ ಗೊಂದಲವಿಲ್ಲ.

ವಾಟರ್‌ಲೆಸ್ ಸ್ಪ್ರೇಯಲ್ಲೂ ಕ್ರಮ ಇದೇ. ಬದಲಾಗುವುದು ಒಂದೇ: ಲಿಕ್ವಿಡ್ಡನ್ನು ಜಿಪುಣತನ ಮಾಡದೆ ಹೊಡೆಯಬೇಕು. ನಾಲ್ಕು ಹನಿ ಚಿಮುಕಿಸಿ ಇಡೀ ಬಾಗಿಲು ಒರೆಸುವುದೇ ಈ ವಿಧಾನಕ್ಕೆ ಕೆಟ್ಟ ಹೆಸರು ತಂದಿರುವುದು. ಒಣ ಬಟ್ಟೆಯ ಬದಲು ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಲ್ಲಿ ಮೊದಲ ಎಳೆತ ಮಾಡಿದರೆ ಇನ್ನೂ ಒಳ್ಳೆಯದು.

ಹಟಮಾರಿ ಕೊಳೆಗಳು

ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಲ್ಲಿ ಬಿಟ್ಟರೆ ಕ್ಲಿಯರ್ ಕೋಟಿನಲ್ಲಿ ಅಚ್ಚು ಉಳಿಯುತ್ತದೆ, ಹಾಗಾಗಿ ಕಂಡ ದಿನವೇ ತೆಗೆಯಿರಿ. ಜೊತೆಗೆ ಅದರಲ್ಲಿ ಗಡಸು ಬೀಜ, ಮರಳು ಇರಬಹುದು. ಒರೆಸಲು ಹೋಗಬೇಡಿ. ಲಿಕ್ವಿಡ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿಡಿ, ಮೆತ್ತಗಾದ ಮೇಲೆ ಚಿವುಟಿ ಎತ್ತಿ. ಮುಂದಿನ ಬಂಪರ್‌ಗೆ ಅಂಟಿದ ಹುಳುಗಳಿಗೂ ಇದೇ ಉಪಾಯ.

ಟಾರು ನೀರಲ್ಲಿ ಕರಗುವುದಿಲ್ಲ, ಎಷ್ಟು ನೆನೆಸಿದರೂ ಅಷ್ಟೇ. ಅದಕ್ಕೆ ಟಾರ್ ರಿಮೂವರ್ ಬೇಕು. ಮರದ ಅಂಟಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಕೆಲಸ ಮಾಡುತ್ತದೆ, ಕಾಣದ ಮೂಲೆಯಲ್ಲಿ ಪರೀಕ್ಷಿಸಿ ಬಳಸಿ. ಕಬ್ಬಿಣದ ಪುಡಿ ಪೇಂಟಿನಲ್ಲಿ ಹುದುಗಿದ್ದರೆ ಐರನ್ ರಿಮೂವರ್ ಇದೆ. ಅದು ಕಬ್ಬಿಣಕ್ಕೆ ತಾಗಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ನೋಡಲು ಮಜಾ. ಆದರೆ ಅದನ್ನು ಚೆನ್ನಾಗಿ ನೀರಲ್ಲಿ ತೊಳೆಯಲೇಬೇಕು. ಹಾಗಾಗಿ ಪೈಪ್ ಸಿಗುವ ದಿನಕ್ಕೆ ಎತ್ತಿಡಿ.

ತೊಳೆದು ಒಣಗಿದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಪೇಂಟ್ ಮೇಲೆ ಮೆಲ್ಲಗೆ ಸವರಿ ನೋಡಿ. ಬರಿಗೈಗೆ ನುಣುಪಾಗಿದ್ದದ್ದು ಈಗ ತರಿ ತರಿ ಅನಿಸಿದರೆ ಅಂಟಿಕೊಂಡ ಕೊಳೆ ಇದೆ ಎಂದರ್ಥ. ಅದಕ್ಕೆ ಕ್ಲೇ ಬಾರ್ ಬೇಕು, ಅಂದರೆ ಪೇಂಟ್ ಮೇಲೆ ಜಾರಿಸಿ ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮೆತ್ತನೆಯ ತುಂಡು. ಕ್ಲೇ ಜಾರಲು ರಿನ್ಸ್‌ಲೆಸ್ ಲಿಕ್ವಿಡ್ಡನ್ನೇ 1ಕ್ಕೆ 64ರಂತೆ ಬೆರೆಸಿ ಬಳಸಬಹುದು. ಕ್ಲೇ ಹೊಡೆದರೆ ಸಣ್ಣ ಗೀರು ಬೀಳುವ ಸಾಧ್ಯತೆ ಇದ್ದೇ ಇದೆ. ಪ್ರತಿ ಸಲ ತೊಳೆದಾಗಲೂ ಮಾಡುವ ಕೆಲಸವಲ್ಲ.

ಗೆರೆ, ಕಲೆ, ಮಬ್ಬು

ಒಣಗಿಸಿದ ಮೇಲೆ ಗೆರೆ ಉಳಿದರೆ ಮೂರು ಕಡೆ ಅನುಮಾನಪಡಿ: ಲಿಕ್ವಿಡ್ ಜಾಸ್ತಿಯಾಗಿದೆ, ತಗಡು ಬಿಸಿ ಇತ್ತು, ಅಥವಾ ಟವೆಲ್ ಆಗಲೇ ಒದ್ದೆಯಾಗಿದೆ. ಬಿಳಿ ಚುಕ್ಕೆಗಳು ಉಳಿದರೆ ತಪ್ಪು ನೀರಿನದು. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ, ನೀರು ಆರಿದರೂ ಅವು ಅಲ್ಲೇ ಕೂರುತ್ತವೆ. ಬೋರ್‌ವೆಲ್ ನೀರು ಬಳಸುವವರು ಒಣಗಿಸುವುದರಲ್ಲಿ ತಡ ಮಾಡಬಾರದು. ಒಂದು ಬಕೆಟ್ಟಿಗೆ ಬೇಕಾಗುವಷ್ಟು ಶುದ್ಧೀಕರಿಸಿದ ನೀರು ಸಿಕ್ಕರೆ ಈ ತೊಂದರೆಯೇ ಇಲ್ಲ. ಮುಂದಿನ ಗಾಜಿಗೆ ಬೇರೆ ಬಟ್ಟೆ ಇಟ್ಟುಕೊಳ್ಳಿ. ವ್ಯಾಕ್ಸ್ ಇರುವ ವಾಟರ್‌ಲೆಸ್ ಸ್ಪ್ರೇ ಗಾಜಿನ ಮೇಲೆ ಮಬ್ಬು ಉಳಿಸುತ್ತದೆ, ರಾತ್ರಿ ಮಳೆಯಲ್ಲಿ ವೈಪರ್ ಹಾಕಿದಾಗ ಅದು ಕಣ್ಣಿಗೆ ಅಡ್ಡ ಬರುತ್ತದೆ.

ಮ್ಯಾಟ್ ಪೇಂಟ್ ಇರುವವರು ವ್ಯಾಕ್ಸ್ ಇರುವ ಯಾವುದನ್ನೂ ಹತ್ತಿರ ತರಬೇಡಿ, ಅಲ್ಲಲ್ಲಿ ಹೊಳಪಿನ ತೇಪೆಗಳಾಗುತ್ತವೆ. ಸೆರಾಮಿಕ್ ಕೋಟಿಂಗ್ ಮಾಡಿಸಿದ ಕಾರಿಗೆ ರಿನ್ಸ್‌ಲೆಸ್ ಚೆನ್ನಾಗಿಯೇ ಹೊಂದುತ್ತದೆ, ಕೊಳೆ ಬೇಗ ಬಿಡುವುದರಿಂದ ಕೆಲಸವೂ ಹಗುರ. ಕೋಟಿಂಗ್ ಇದೆ ಎಂದು ಗೀರು ಬೀಳುವುದೇ ಇಲ್ಲ ಅಂದುಕೊಳ್ಳಬೇಡಿ. ಒಂದೆರಡು ಮೈಕ್ರಾನ್ ಪದರ ಮರಳನ್ನು ತಡೆಯುವುದಿಲ್ಲ.

ಈ ವಿಧಾನದಲ್ಲಿ ಆಗದ್ದೂ ಇದೆ. ಕಾರಿನ ತಳ, ವೀಲ್‌ಗಳ ಮೇಲಿನ ಒಳಗೂಡು, ಸಂದಿಗೊಂದಿಗಳಲ್ಲಿ ಕೂತ ಕೆಸರು ಬಟ್ಟೆಗೆ ಸಿಗುವುದಿಲ್ಲ. ಉಪ್ಪಿನ ರಸ್ತೆಯಲ್ಲಾಗಲಿ, ಸಮುದ್ರ ತೀರದಲ್ಲಾಗಲಿ ಓಡಾಡುವ ಕಾರಿಗೆ ತುಕ್ಕು ಹಿಡಿಯುವುದು ತಳದಿಂದ. ಆಗಾಗ ತಳಕ್ಕೆ ನೀರು ಹೊಡೆಸಲೇಬೇಕು, ಮೇಲೆ ಎಷ್ಟೇ ಮಿಂಚುತ್ತಿರಲಿ.

ಕೆಲಸ ಮುಗಿದ ಮೇಲೆ

ಹತ್ತು ಬಟ್ಟೆ ಕೊಳೆಯಾಗಿದೆ, ಅವನ್ನು ಒಗೆಯಲು ನೀರು ಬೇಡವಾ? ಬೇಕು. ನೀರು ಉಳಿತಾಯದ ಲೆಕ್ಕ ಹೇಳುವವರು ಇದನ್ನು ಮರೆಯುತ್ತಾರೆ. ಕೊಳೆ ಬಟ್ಟೆ ಕೂಡಿಹಾಕಿ ಎರಡು-ಮೂರು ಸಲದ್ದನ್ನು ಒಟ್ಟಿಗೆ ಮಷಿನ್‌ಗೆ ಹಾಕಿದರೆ ಲೆಕ್ಕ ಮತ್ತೆ ನಿಮ್ಮ ಕಡೆಗೇ ವಾಲುತ್ತದೆ. ಹಾಕುವ ಮೊದಲು ಒಂದು ಬಕೆಟ್‌ನಲ್ಲಿ ಜಾಲಿಸಿ ಮರಳು ಕೆಳಗಿಳಿಸಿ. ಹತ್ತಿ ಬಟ್ಟೆ ಜೊತೆ ಸೇರಿಸಬೇಡಿ, ಅದರ ನೂಲು ಮೈಕ್ರೋಫೈಬರ್‌ಗೆ ಕಚ್ಚಿಕೊಳ್ಳುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಲೇಬೇಡಿ, ಅದು ಎಳೆಗಳ ಮೇಲೆ ಪೊರೆ ಕಟ್ಟಿ ನೀರು ಹೀರುವ ಗುಣವನ್ನೇ ಕೊಲ್ಲುತ್ತದೆ. ಜಾಸ್ತಿ ಬಿಸಿಯೂ ಬೇಡ, ಎಳೆ ಕರಗಿ ಗಡಸಾಗುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಪೇಂಟಿಗೆ ತರಬೇಡಿ. ಅದಕ್ಕೆ ಅಂದಿನಿಂದ ವೀಲ್ ಒರೆಸುವ ಕೆಲಸ.

ಬಕೆಟ್‌ನಲ್ಲಿ ಉಳಿದ ನೀರನ್ನು ರಸ್ತೆ ಬದಿಯ ಮಳೆ ನೀರಿನ ಚರಂಡಿಗೆ ಸುರಿಯಬೇಡಿ. ಎಷ್ಟೋ ಊರುಗಳಲ್ಲಿ ಅದು ಸಂಸ್ಕರಣೆಯಾಗದೆ ನೇರ ಕೆರೆಗೋ ಹೊಳೆಗೋ ಹೋಗುತ್ತದೆ. ಅದರಲ್ಲಿ ಲಿಕ್ವಿಡ್ ಮಾತ್ರ ಇರುವುದಿಲ್ಲ, ಎಣ್ಣೆ, ಬ್ರೇಕಿನ ಪುಡಿ, ಟೈರಿನ ಪುಡಿ ಎಲ್ಲಾ ಇರುತ್ತದೆ. ಶೌಚಾಲಯಕ್ಕೋ ಬಚ್ಚಲಿಗೋ ಹಾಕಿ. ಬೆರೆಸಿದ ನೀರು ಮಿಕ್ಕಿದೆ, ಕೊಳೆಯಾಗಿಲ್ಲ ಎಂದರೆ ಸ್ಪ್ರೇ ಬಾಟಲಿಗೆ ತುಂಬಿಟ್ಟು ಕೆಲವು ದಿನದೊಳಗೆ ಗಾಜಿಗೋ ಬಾಗಿಲ ಒಳಂಚಿಗೋ ಬಳಸಿ. ತಿಂಗಳುಗಟ್ಟಲೆ ಇಟ್ಟರೆ ವಾಸನೆ ಹಿಡಿಯುತ್ತದೆ.